ಬೀಗತಿ ಕೈಮುಗಿದ ಗೂಡು

ಒಂದು ಜಿರಳೆ ಮನಸ್ಸು ಮಾಡಿದರೆ ಎರಡು ಮನೆತನಗಳ ಸಂಬಂಧ ಕೆಡಿಸಬಲ್ಲದು ಎಂಬುದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಓದಿದ್ದರೆ ಮಕ್ಕಳಿಗೆ ಪಾಠ ಮಾಡಿಯೇ ಮಾಡುತ್ತಿದ್ದೆ. ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತ ನೌಕರಿ ಮುಗಿಸಿದವನು ನಾನು. ಹನುಮಪ್ಪ ಮಾಸ್ತರ ಎಂದರೆ ಊರಿಗೆಲ್ಲ ಗೊತ್ತು. ಜಿರಳೆಯ ಜೀರ್ಣಾಂಗಗಳನ್ನು ಹಲಗೆಯ ಮೇಲೆ ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೆ. (ಹಲಗೆಯ ಮೇಲಿನ ಜಿರಳೆಗೆ ಒಂದು ದೊಡ್ಡ ಗುಣವಿದೆ, ಅದು ಓಡುವುದಿಲ್ಲ.) ಜೀವಂತ ಜಿರಳೆ ಕಂಡರೆ ಮಾತ್ರ ನಾನು ಕುರ್ಚಿ ಹತ್ತುವವನು ಎಂಬ ಸಂಗತಿ ನನ್ನ ಹೆಂಡತಿ ನಾಗರತ್ನಾಳ ಹೊರತು ಯಾರಿಗೂ ತಿಳಿದಿರಲಿಲ್ಲ. ಈಗ ನಿಮಗೂ ತಿಳಿಯಿತು, ನಿಮ್ಮಲ್ಲೇ ಇರಲಿ.

ನಮ್ಮ ಒಬ್ಬಳೇ ಮಗಳು ಅರುಣಾಳನ್ನು ಬ್ಯಾಡಗಿಗೆ ಕೊಟ್ಟಿದ್ದೇವೆ. ಅಳಿಯ ಮಾಂತೇಶ ಅಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಮ್ಯಾನೇಜರ. ಅರುಣಾಳಿಗೆ ಏಳು ತಿಂಗಳು ತುಂಬುತ್ತ ಬಂದಿತ್ತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು ಎಂಬುದು ನಮ್ಮ ಕಡೆಯ ರೂಢಿ. ನಾಗರತ್ನಾಳಿಗೆ ಅದು ರೂಢಿಯಲ್ಲ, ಉಸಿರು. ಹಳೆಯ ಸೀರೆಗಳನ್ನೆಲ್ಲ ಕೂಡಿಸಿ ಪುಟ್ಟ ಕೌದಿ ಹೊಲಿದಿದ್ದಳು. ಬಾಣಂತಿ ತಿನ್ನುವ ಅಂಟಿನುಂಡಿಗೆ ಬೇಕಾದ ಅಂಟು, ಒಣಕೊಬ್ಬರಿ, ಉತ್ತತ್ತಿ ತಂದು ಡಬ್ಬಿ ತುಂಬಿದ್ದಳು. ನಡುಮನೆಯ ತೊಲೆಗೆ ತೊಟ್ಟಿಲ ಕೊಂಡಿಯನ್ನೂ ಹಾಕಿಸಿಬಿಟ್ಟಿದ್ದಳು. ದಿನಕ್ಕೊಮ್ಮೆಯಾದರೂ ಆ ಕೊಂಡಿಯ ಕೆಳಗೆ ನಿಂತು ಮೇಲೆ ನೋಡುತ್ತಿದ್ದಳು. ಆಗ ಅವಳ ಮುಖ ನೋಡಿದರೆ ನನಗೂ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹೀಗಿರುವಾಗ ನಮ್ಮ ಬೀಗತಿ, ಅಂದರೆ ಮಾಂತೇಶನ ತಾಯಿ ದೇವವ್ವ, ಸೀಮಂತದ ಕುಬುಸದ ಮಾತುಕತೆಗೆಂದು ಬ್ಯಾಡಗಿಯಿಂದ ಬಂದರು. ದೇವವ್ವ ಎಂದರೆ ಮಾತು ಕಡಿಮೆ, ನೋಟ ಹೆಚ್ಚು. ನಡುಮನೆಯಲ್ಲಿ ಕುಂತು ಒಗ್ಗರಣೆ ಮಂಡಕ್ಕಿಯ ತಾಟು ಕೈಗೆ ತೆಗೆದುಕೊಂಡರು. ಅದೇ ಮುಹೂರ್ತಕ್ಕೆ ಕಾಯುತ್ತಿದ್ದವರ ಹಾಗೆ ದೇವರ ಕ್ಯಾಲೆಂಡರಿನ ಹಿಂದಿನಿಂದ ಒಂದು ಜಿರಳೆ ಹೊರಟಿತು. ಗೋಡೆ ಇಳಿಯಿತು, ಕುರ್ಚಿಯ ಕೈ ಹತ್ತಿತು, ಅಲ್ಲಿಂದ ತಾಟಿನ ಅಂಚಿಗೆ ಬಂದು ನಿಂತು ಬೀಗತಿಯ ಕಡೆ ಮೀಸೆ ಅಲ್ಲಾಡಿಸಿತು. ನಮ್ಮ ಮನೆಯ ಗಂಡಸರಲ್ಲಿ ಅಷ್ಟು ಧೈರ್ಯ ಈವರೆಗೆ ಯಾರೂ ತೋರಿಸಿಲ್ಲ.

ದೇವವ್ವ ಕೂಗಲಿಲ್ಲ, ಹಾರಲಿಲ್ಲ. ತಾಟನ್ನು ನಿಧಾನ ಕೆಳಗಿಟ್ಟರು.

"ಬೀಗ್ರ, ಕೂಸಿನ ಕಿವ್ಯಾಗ ಹೊಕ್ಕರ ಯಾರ್ ತಗಿಯೋರು? ಅರುಣಾ ನಮ್ಮಲ್ಲೇ ಇರ್ಲಿ ಬಿಡ್ರಿ. ನಮ್ಮ ಮನ್ಯಾಗ ಮೆಣಸಿನಕಾಯಿ ಘಾಟಿಗೆ ಒಂದ ಹುಳಾ ನಿಲ್ಲೂದಿಲ್ಲ."

(ಮನುಷ್ಯರು ನಿಲ್ಲುವುದೂ ಕಷ್ಟವೇ. ನಿಶ್ಚಿತಾರ್ಥದ ದಿನ ನಾನು ಅವರ ಮನೆಯಲ್ಲಿ ಸೀನುತ್ತಲೇ ಇದ್ದೆ. ಕರ್ಚೀಪಿನಿಂದ ಮುಖ ಒರೆಸಿಕೊಳ್ಳುತ್ತಿದ್ದ ನನ್ನನ್ನು ನೋಡಿ, ಮಗಳನ್ನು ಕೊಡುವ ದುಃಖ ಪಾಪ ಎಂದು ಅವರ ಕಡೆಯವರು ಸಮಾಧಾನ ಹೇಳಿದ್ದರು.)

ನಾಗರತ್ನಾಳ ಮುಖ ಬಾಡಿಹೋಯಿತು. ಸೆರಗಿನ ತುದಿ ಹಿಂಡುತ್ತ ನಿಂತಳು. ದೇವವ್ವ ಹೊರಡಲು ಎದ್ದವರು ಯಾಕೋ ತಲೆ ಎತ್ತಿದರು. ತೊಟ್ಟಿಲ ಕೊಂಡಿಯ ಪಕ್ಕ, ಗೋಡೆ ಮತ್ತು ತೊಲೆ ಕೂಡುವ ಮೂಲೆಯಲ್ಲಿ ಒಂದು ಮಣ್ಣಿನ ಗೂಡಿತ್ತು. ಸಣ್ಣ ನಡುವಿನ ಕುಂಬಾರ ಹುಳ ಬೇಸಿಗೆಯ ಕಡೆಗೆ ಗುಂಯ್ ಎಂದು ಹಸಿಮಣ್ಣು ಹೊತ್ತು ತಂದು ಕಟ್ಟಿದ್ದು. ಅರುಣಾ ಬಸುರಿ ಎಂಬ ಸುದ್ದಿ ಬಂದದ್ದೂ ಹೆಚ್ಚುಕಡಿಮೆ ಅದೇ ವಾರ. ಈ ಹುಳ ಗೂಡು ಕಟ್ಟಿದ ಮನೆಯಲ್ಲಿ ತೊಟ್ಟಿಲು ತೂಗುತ್ತದೆ ಎಂದು ನಮ್ಮ ಹೆಣ್ಣುಮಕ್ಕಳು ಗಟ್ಟಿಯಾಗಿ ನಂಬುತ್ತಾರೆ. ಅದನ್ನು ಯಾರೂ ಕೆಡವುವುದಿಲ್ಲ. ದೇವವ್ವ ಗೂಡಿಗೆ ಎರಡೂ ಕೈ ಮುಗಿದರು.

"ಇದೊಂದು ಚಲೋ ಆಗೇತಿ. ಮಣ್ಣೆತ್ತಿನ ಅಮಾಸಿ ಮರುದಿನ ಮತ್ತ ಬರ್ತೇನಿ. ಮನ್ಯಾಗ ಒಂದ ಹುಳಾ ಕಾಣಬಾರದು, ಈ ಗೂಡು ಮಾತ್ರ ಇದ್ದಂಗ ಇರಬೇಕು. ಹಂಗಿದ್ರ ಸೊಸಿನ್ನ ಕಳಿಸ್ತೇನಿ."

ಬೀಗತಿ ಹೋದ ಮೇಲೆ ನಾಗರತ್ನಾ ನನ್ನೊಡನೆ ಮಾತಾಡಲಿಲ್ಲ, ರೊಟ್ಟಿಯೊಡನೆ ಮಾತಾಡಿದಳು. ಅವಳು ಬಡಿಯುತ್ತಿದ್ದ ಸಪ್ಪಳ ಕೇಳಿದರೆ ಆ ರೊಟ್ಟಿಯ ಜಾಗದಲ್ಲಿ ಯಾರಿರಬೇಕಿತ್ತು ಎಂಬುದು ನನಗೆ ತಿಳಿಯುತ್ತಿತ್ತು. ಕೊನೆಗೆ ತಾಟು ಮುಂದಿಟ್ಟು ಒಂದೇ ಮಾತು ಕೇಳಿದಳು. ನೀವು ಕಲಿಸಿದ ಹುಡುಗರು ಡಾಕ್ಟರಾದರು, ನಿಮಗೆ ಒಂದು ಜಿರಳೆ ಹೊಡೆಯಲು ಬರುವುದಿಲ್ಲವೇ ಎಂದು. ಅಷ್ಟು ಹೇಳುವುದರೊಳಗೆ ಅವಳ ಕಣ್ಣಲ್ಲಿ ನೀರು. ಆ ನೀರು ನೋಡಿ ನಾನು ಊಟದ ತಾಟಿನ ಮುಂದೆಯೇ ಭೀಷಣ ಪ್ರತಿಜ್ಞೆ ಮಾಡಿದೆ: ಅಮಾವಾಸ್ಯೆಯೊಳಗೆ ಈ ಮನೆಯನ್ನು ಕೀಟಮುಕ್ತ ಸಾಮ್ರಾಜ್ಯ ಮಾಡುತ್ತೇನೆ. "ಮದಲ ಊಟಾ ಮುಗಸ್ರಿ" ಎಂದಳು ಸಾಮ್ರಾಜ್ಞಿ.

ಬೇರೆಯವರಾಗಿದ್ದರೆ ಅಂಗಡಿಗೆ ಹೋಗಿ ಸಿಕ್ಕ ಔಷಧ ತಂದು ಹೊಡೆಯುತ್ತಿದ್ದರು. ನಾನು ಶಾಸ್ತ್ರ ಓದಿದವನು. ಗುರುತಿಸದೆ ಕೊಲ್ಲಬಾರದು ಎಂಬುದು ನನ್ನ ಸಿದ್ಧಾಂತ. ಮೋರಿಯ ದೊಡ್ಡ ಕೆಂಪು ಜಿರಳೆಯೇ ಬೇರೆ, ಫ್ರಿಜ್ಜಿನ ಹಿಂದಿನ ಬಿಸಿಗೆ ಸಂಸಾರ ಹೂಡುವ ಸಣ್ಣ ಜಿರಳೆಯೇ ಬೇರೆ. ಒಂದರ ಮದ್ದು ಇಡುವ ಜಾಗ ಇನ್ನೊಂದಕ್ಕೆ ಉಪಯೋಗವಿಲ್ಲ. ಮುಟ್ಟಿದರೆ ಗಡಗಡ ನಡುಗುವ ಉದ್ದ ಕಾಲಿನ ಮೂಲೆಜೇಡವೇ ಬೇರೆ, ಬಿಳಿ ಗುಂಡಿಯಂಥ ತತ್ತಿಚೀಲ ಹೊತ್ತು ಗೋಡೆಯ ಮೇಲೆ ಅಪ್ಪಚ್ಚಿಯಾಗಿ ಕೂರುವ ದೊಡ್ಡ ಜೇಡವೇ ಬೇರೆ. ಕಪ್ಪಿರುವೆ ಕಚ್ಚುವುದಿಲ್ಲ, ಅದು ದೇವರ ಪಾಲು ಎಂದು ನಾಗರತ್ನಾ ಸಕ್ಕರೆ ಹಾಕುತ್ತಾಳೆ. ಕೆಂಪಿರುವೆಗೆ ಆ ಸವಲತ್ತಿಲ್ಲ. ಹೀಗೆ ಅಧ್ಯಯನಕ್ಕೆಂದು ಒಂದೊಂದನ್ನೂ ಹಿಡಿದು ಖಾಲಿ ಬಾಟಲಿಗಳಲ್ಲಿ ಹಾಕಿಟ್ಟೆ. ಖಾಲಿ ಬಾಟಲಿ ಸಿಕ್ಕದ್ದು ಅಡಿಗೆಮನೆಯಲ್ಲಿ, ಇಟ್ಟದ್ದೂ ಅಲ್ಲೇ. ನಾಗರತ್ನಾ ಬಜಿ ಹಿಟ್ಟಿಗೆಂದು ಅಜವಾನದ ಬಾಟಲಿ ಎತ್ತಿ ಬೋಗುಣಿಯ ಮೇಲೆ ಬಗ್ಗಿಸಿದಳು. ಅಜವಾನ ಕಾಲು ಬಿಚ್ಚಿಕೊಂಡು ಅವಳ ಬಳೆಯ ಮೇಲೆ ಹಾರಿತು. ಹಾರುವ ಸಣ್ಣ ಜೇಡ ಅದು, ನಿರುಪದ್ರವಿ, ಸೊಳ್ಳೆ ತಿನ್ನುವ ಉಪಕಾರಿ ಎಂದು ನಾನು ವಿವರಿಸುತ್ತಿರುವಾಗಲೇ ಹಿಟ್ಟಿನ ಬೋಗುಣಿ ನನ್ನ ಕಡೆ ಬಂತು.

ಅಲ್ಲಿಂದ ಅಧ್ಯಯನ ಬಿಟ್ಟು ನೇರ ಯುದ್ಧಕ್ಕಿಳಿದೆ. ಗೋಧಿಹಿಟ್ಟು, ಸಕ್ಕರೆ, ಬೋರಿಕ್ ಪುಡಿ ಕಲಸಿ ಪುಟ್ಟ ಗುಳಿಗೆ ಮಾಡಿ ಸಿಂಕಿನ ಕೆಳಗೆ, ಸಿಲಿಂಡರಿನ ಹಿಂದೆ ಇಟ್ಟೆ. ಮಂಚವನ್ನು ಬಿಸಿಲಿಗೆ ಹಾಕಿ ಸಂದುಗಳಿಗೆ ಕುದಿಯುವ ನೀರು ಹೊಯ್ದೆ. ತಗಣಿಗಳ ಜೊತೆ ನನ್ನ ಹೆಬ್ಬೆರಳೂ ಬೆಂದಿತು. ಜೋಳ ಒಣಗಿಸಿ ಬೇವಿನೆಲೆ ಬೆರೆಸಿ ಡ್ರಮ್ಮಿಗೆ ತುಂಬಿದ ಮೇಲೆ ನುಸಿಯ ಕಾಟವೂ ನಿಂತಿತು. ಸೊಳ್ಳೆಗೆಂದು ಕಿಟಕಿಗಳಿಗೆ ಜಾಳಿಗೆ ಬಡಿದೆ, ಸುತ್ತಿಗೆಯ ಅರ್ಧ ಏಟು ಮೊಳೆಗೆ, ಇನ್ನರ್ಧ ನನಗೆ.

ಆದರೂ ಬೀಗತಿಯ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಮೆಣಸಿನಕಾಯಿ ಘಾಟಿಗೆ ಹುಳ ನಿಲ್ಲುವುದಿಲ್ಲ ಎಂದರಲ್ಲ, ಅವರ ಅಸ್ತ್ರವನ್ನೇ ಪ್ರಯೋಗಿಸೋಣ ಎಂಬ ದಿವ್ಯ ಆಲೋಚನೆ ಹೊಳೆಯಿತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಲೋಕವೇ ಹೇಳುತ್ತದೆ. ಹಾಗಾಗಿ ಧೈರ್ಯದಿಂದ ಒಂದು ಬೊಗಸೆ ತೆಗೆದು ಕೆಂಡದ ಮೇಲೆ ಸುರಿದೆ. ಲೋಕದ ಮಾತು ತಿನ್ನುವವರಿಗೆ, ಸುಡುವವರಿಗಲ್ಲ. ಕಣ್ಣು ಮೂಗು ಬಾಯಿ ಯಾವುದು ಎಲ್ಲಿದೆ ಎಂದು ತಿಳಿಯದಂತಾಗಿ ನಾವಿಬ್ಬರೂ ಹೊರಗಿನ ಕಟ್ಟೆಯ ಮೇಲೆ ಬಂದು ಬಿದ್ದೆವು. ಪಕ್ಕದ ಮನೆಯ ಹಸೀನಾಬಿ ಮಾಸ್ತರ ಮನೆಗೆ ಬೆಂಕಿ ಹತ್ತಿದೆ ಎಂದು ಕೊಡ ನೀರು ಹೊತ್ತು ಓಡಿ ಬಂದಳು. ಹೊಗೆಯಲ್ಲಿ ಕೆಂಡ ಕಾಣಲಿಲ್ಲ, ನಾನು ಕಂಡೆ. ಮೂವರೂ ಕೆಮ್ಮುತ್ತ ಹೊರಗೆ ಕೂತಿದ್ದಾಗ ಒಳಗೆ ಜಿರಳೆಗಳು ಫ್ಯಾನಿನ ಕೆಳಗೆ ಆರಾಮಾಗಿದ್ದವು. ಒದ್ದೆ ಲುಂಗಿಯಲ್ಲಿ ನಡುಗುತ್ತಿದ್ದ ನನ್ನನ್ನು ನೋಡಿ ನಾಗರತ್ನಾ ನಕ್ಕಳು. ಬೀಗತಿ ಬಂದು ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು, ಹಾಗಾಗಿ ಆ ನೀರನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಗುಳಿಗೆಗಳು ಮಾತ್ರ ಸದ್ದಿಲ್ಲದೆ ಕೆಲಸ ಮಾಡಿದವು. ಮಣ್ಣೆತ್ತಿನ ಅಮಾವಾಸ್ಯೆ ಬರುವುದರೊಳಗೆ ಮನೆಯಲ್ಲಿ ಹುಡುಕಿದರೂ ಒಂದು ಹುಳ ಸಿಗುತ್ತಿರಲಿಲ್ಲ. ಹಬ್ಬದ ದಿನ ಪದ್ಧತಿಯಂತೆ ಎರೆಮಣ್ಣು ತಂದು ನಾದಿ ಎತ್ತು ಮಾಡಲು ಕುಳಿತೆ. ಪ್ರತಿ ವರ್ಷ ಎತ್ತು ಮಾಡುವುದು ನನ್ನ ಪಾಲಿನ ಕೆಲಸ. ಪ್ರತಿ ವರ್ಷವೂ ನಾಗರತ್ನಾ, ಇವು ಎತ್ತಲ್ಲ, ಕಿವಿ ನೋಡಿದರೆ ಕತ್ತೆ ಎನ್ನುತ್ತಾಳೆ, ಆಮೇಲೆ ಅವಕ್ಕೇ ಪೂಜೆ ಮಾಡುತ್ತಾಳೆ. ಪೂಜೆಯಾಯಿತು, ಹೋಳಿಗೆಯ ನೈವೇದ್ಯವಾಯಿತು. ಅವಳು ಹೋಳಿಗೆ ಕೊಟ್ಟು ಬರುತ್ತೇನೆಂದು ಹಸೀನಾಬಿಯ ಮನೆಗೆ ಹೋದಳು. ನಾಳೆ ಬೀಗತಿ ಬರುವವರು. ನಾನು ಗೆದ್ದ ದೊರೆಯ ಗತ್ತಿನಲ್ಲಿ ನಡುಮನೆಯಲ್ಲಿ ಒಂದು ಸುತ್ತು ಹಾಕಿದೆ.

ಆಗ ಕಂಡಿತು. ತೊಲೆಯ ಮೇಲೆ ಒಂದು ಅಗಲ ಕಾಲಿನ ಜೇಡ, ನನ್ನ ಇಡೀ ದಂಡಯಾತ್ರೆಯಿಂದ ಪಾರಾಗಿ ಉಳಿದ ಒಂದೇ ಒಂದು. ನಾಳೆ ಬೀಗತಿಯ ತಲೆಯ ಮೇಲೆ ಇಳಿದರೆ ನನ್ನ ಮಗಳ ಬಾಣಂತನ ಬ್ಯಾಡಗಿಯಲ್ಲೇ. ಜೇಡ ತೆಗೆಯುವ ಉದ್ದ ಕೋಲಿನ ಕಸಬರಿಗೆ ಹಿಡಿದು ಕುರ್ಚಿ ಹತ್ತಿದೆ. ಅದು ಎಡಕ್ಕೆ ಓಡಿತು, ನಾನು ಎಡಕ್ಕೆ ಹೊಡೆದೆ. ಬಲಕ್ಕೆ ಓಡಿತು, ಬಲಕ್ಕೆ ಹೊಡೆದೆ. ಮೂಲೆಗೆ ಹೋಗಿ ಅಡಗಿತು, ಮೂಲೆಗೆ ಬಲವಾಗಿ ಬಾರಿಸಿದೆ. ಜೇಡ ನಾನು ಬಡಿದ ಜಾಳಿಗೆಯ ಸಂದಿನಿಂದಲೇ ಕಿಟಕಿಯ ಹೊರಗೆ ಹೋಯಿತು. ಕುಂಬಾರ ಹುಳದ ಗೂಡು ಕೆಳಗೆ ಬಂತು.

ಗೂಡು ನೆಲಕ್ಕೆ ಬಿದ್ದು ಒಡೆದಿತ್ತು. ಅದರೊಳಗೆ ಏನಿತ್ತು ಗೊತ್ತೇ? ಜೇಡಗಳು. ಒತ್ತಿ ಒತ್ತಿ ತುಂಬಿದ ಜೇಡಗಳು. ಇಷ್ಟು ದಿನ ಕುರ್ಚಿ ಹತ್ತಿ ಇಳಿದು ನಾನು ಹಿಡಿದಿದ್ದಕ್ಕಿಂತ ಹೆಚ್ಚು ಜೇಡಗಳನ್ನು ಆ ಹುಳ ತನ್ನ ಮರಿಗಳ ಊಟಕ್ಕೆಂದು ಹಿಡಿದು ಸಂಗ್ರಹಿಸಿತ್ತು. ಈ ಪಾಠ ಪುಸ್ತಕದಲ್ಲಿತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ನಾನೇ ಪ್ರತಿ ವರ್ಷ ಬಿಟ್ಟು ಮುಂದೆ ಹೋಗುತ್ತಿದ್ದೆ. ಮನೆಯಲ್ಲಿ ಇದ್ದ ಒಬ್ಬನೇ ಒಬ್ಬ ಕೆಲಸಗಾರನ ಮನೆಯನ್ನು ನಾನು ಹಾಡುಹಗಲೇ ಕೆಡವಿದ್ದೆ.

ಶಾಸ್ತ್ರದ ಮಾತು ಹಾಗಿರಲಿ. ಗೂಡು ಇದ್ದಂಗ ಇರಬೇಕು ಎಂದಿದ್ದರು ಬೀಗತಿ. ಅವರ ಸಿಟ್ಟನ್ನಾದರೂ ಹೇಗೋ ಸಹಿಸಬಹುದು. ನಾಗರತ್ನಾ? ಆ ಗೂಡಿನ ಕೆಳಗೆ ನಿಂತು ಮಗಳ ಹೆರಿಗೆ ಸುಸೂತ್ರವಾಗಲಿ ಎಂದು ದಿನಾ ಕೈ ಮುಗಿಯುವವಳಿಗೆ ಈ ಚೂರುಗಳನ್ನು ಹೇಗೆ ತೋರಿಸಲಿ? ನನಗೆ ಆ ನಂಬಿಕೆ ಇಲ್ಲ, ಅವಳಿಗೆ ಇದೆ. ಅವಳ ಹೆದರಿಕೆ ನಾಳೆಯಿಂದ ನನ್ನ ಮನೆಯಲ್ಲೇ ಓಡಾಡುತ್ತದೆ.

ಹಿತ್ತಲ ಕಟ್ಟೆಯ ಮೇಲೆ ಎತ್ತು ಮಾಡಿ ಉಳಿದ ಎರೆಮಣ್ಣು ಒದ್ದೆ ಅರಿವೆಯಲ್ಲಿ ಸುತ್ತಿಕೊಂಡು ಕೂತಿತ್ತು. ನನಗೂ ಅದಕ್ಕೂ ಕಣ್ಣಿಗೆ ಕಣ್ಣು ಕೂಡಿತು. ಚೂರುಗಳನ್ನು ಗುಡಿಸಿ ಬೇವಿನ ಗಿಡದ ಬುಡಕ್ಕೆ ಹಾಕಿದೆ. ಮಣ್ಣಿಗೆ ಇನ್ನಷ್ಟು ನೀರು ಬೆರೆಸಿ ಕುರ್ಚಿ ಹತ್ತಿದೆ. ಹುಳ ತನ್ನ ಜೊಲ್ಲು ಬೆರೆಸಿ ಮಣ್ಣು ಮೆತ್ತುತ್ತದೆ ಎಂಬುದು ನೆನಪಾಯಿತು. (ನಾನು ಬೆರೆಸಿದೆನೋ ಇಲ್ಲವೋ ಕೇಳಬೇಡಿ.) ಮೊದಲ ಮುದ್ದೆ ಹಚ್ಚಿದರೆ ಕನ್ನಡಕದ ಮೇಲೆ ಬಿತ್ತು, ಎರಡನೆಯದು ಅಂಗಿಯ ಮೇಲೆ. ಗೋಡೆಗೆ ನೀರು ಚಿಮುಕಿಸಿದ ಮೇಲೆ ಹಿಡಿಯಿತು. ಸಣ್ಣ ಸಣ್ಣ ಉಂಡೆ ಮಾಡಿ ಒಂದರ ಮೇಲೊಂದು ಮೆತ್ತಿ, ಕಡ್ಡಿಯಿಂದ ಬಾಯಿ ಕೊರೆದೆ. ಆಗ ಹೊಳೆಯಿತು, ಹಳೆಯ ಗೂಡು ದುಂಡಗಿತ್ತೋ ಉದ್ದಗಿತ್ತೋ ನನಗೆ ನೆನಪೇ ಇಲ್ಲ. ಸೂಕ್ಷ್ಮವಾಗಿ ಗಮನಿಸಿ ಚಿತ್ರ ಬರೆಯಿರಿ ಎಂದು ಎಷ್ಟು ಹುಡುಗರ ಕಿವಿ ಹಿಂಡಿದ್ದೆನೋ, ಇಷ್ಟು ದಿನ ತಲೆಯ ಮೇಲಿದ್ದುದನ್ನು ನಾನೇ ಸರಿಯಾಗಿ ನೋಡಿರಲಿಲ್ಲ. ಅಂದಾಜಿಗೆ ಉದ್ದ ಮಾಡಿದೆ.

ನಾಗರತ್ನಾ ಮರಳಿ ಬಂದಾಗ ನಾನು ಅಂಗಿ ಬದಲಿಸಿ ಕೂತಿದ್ದೆ. ಅವಳು ಕೊಂಡಿಯ ಕೆಳಗೆ ನಿಂತು ಮೇಲೆ ನೋಡಿದಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎಂದಿನಂತೆ ಎರಡೂ ಕೈ ಮುಗಿದು ಒಳಗೆ ಹೋದಳು. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಕರೆದು ಹೇಳಿಬಿಡೋಣ ಎಂದುಕೊಂಡವನು ಎದ್ದು ಹಿತ್ತಲಿಗೆ ಹೋಗಿ ಮಣ್ಣಾದ ಅಂಗಿ ನೆನೆಹಾಕಿದೆ.

ಮರುದಿನ ದೇವವ್ವ ಬಂದರು. ಕ್ಯಾಲೆಂಡರ್ ಎತ್ತಿ ನೋಡಿದರು, ಮಂಚದ ಕೆಳಗೆ ಬಗ್ಗಿದರು, ಜೋಳದ ಡ್ರಮ್ಮಿನಲ್ಲಿ ಕೈ ಆಡಿಸಿದರು, ಸಿಂಕಿನ ಕೆಳಗೆ ಟಾರ್ಚ್ ಬಿಟ್ಟರು. ಶಾಲೆಗೆ ತಪಾಸಣೆಗೆ ಬರುತ್ತಿದ್ದ ಸಾಹೇಬರು ಇವರ ಮುಂದೆ ಏನೂ ಅಲ್ಲ. ಒಂದು ಇರುವೆಯೂ ಕಾಣಲಿಲ್ಲ. ನಾಗರತ್ನಾ ಉಸಿರು ಹಿಡಿದುಕೊಂಡು ಅವರ ಹಿಂದೆ ಓಡಾಡುತ್ತಿದ್ದಳು. ಕೊನೆಗೆ ಬೀಗತಿ ನಡುಮನೆಗೆ ಬಂದು ತಲೆ ಎತ್ತಿದರು.

"ಬೀಗ್ರ, ಹೋದ ಸಲ ಇದು ಮುಷ್ಟಿಯಂಗ ದುಂಡಗಿತ್ತು. ಈಗ ಬದನಿಕಾಯಿಯಂಗ ಆಗೇತಲ್ಲ?"

"ಮಳಿಗಾಲ ಬಂತಲ್ರಿ ಅಕ್ಕಾರ, ಹಿಂದ ಒಂದ ಖೋಲಿ ಹೆಚ್ಚಿಗಿ ಕಟ್ಟೇತಿ" ಎಂದೆ. ಇಂಥ ಉತ್ತರ ಬರೆದ ಹುಡುಗನಿಗೆ ನಾನೇ ಸೊನ್ನೆ ಹಾಕುತ್ತಿದ್ದೆ.

ದೇವವ್ವ ಕುರ್ಚಿ ಎಳೆದು ಹತ್ತಿಯೇ ಬಿಟ್ಟರು. ಚಾಳೀಸು ಏರಿಸಿ ನೋಡಿದರು. ತಮ್ಮ ಹೆಬ್ಬೆರಳನ್ನು ಗೂಡಿನ ಒಂದು ತಗ್ಗಿನ ಮೇಲೆ ಇಟ್ಟರು. ತಗ್ಗಿಗೆ ಅದು ಸರಿಯಾಗಿ ಕೂತಿತು. ಇಳಿದು ಬಂದು ನಾಗರತ್ನಾಳಿಗೆ ಚಹಾ ಮಾಡಲು ಹೇಳಿ ಒಳಗೆ ಕಳಿಸಿದರು. ನನ್ನ ಎದುರು ಕೂತು ದನಿ ತಗ್ಗಿಸಿದರು.

"ಕುಂಬಾರ ಹುಳಕ್ಕ ಹೆಬ್ಬಟ್ಟ ಇರತೈತೇನ್ರಿ?"

ನಾನು ಎಲ್ಲ ಹೇಳಿಬಿಟ್ಟೆ. ಜೇಡ, ಕೋಲು, ಎತ್ತಿನ ಮಣ್ಣು, ಯಾವುದನ್ನೂ ಬಿಡಲಿಲ್ಲ. ಬೇಕಾದರೆ ನನ್ನನ್ನು ಬೈಯಿರಿ, ಮಗಳನ್ನು ಮಾತ್ರ ಕಳಿಸಿ, ಅವಳಿಗಾಗಿ ಅವಳ ತಾಯಿ ದಿನ ಎಣಿಸುತ್ತಿದ್ದಾಳೆ ಎಂದೆ. ದೇವವ್ವ ಸೆರಗು ಬಾಯಿಗೆ ಒತ್ತಿಕೊಂಡರು. ಸಿಟ್ಟೆಂದುಕೊಂಡೆ, ಹೆಗಲು ಕುಣಿಯುವುದು ನೋಡಿದ ಮೇಲೆ ನಗು ಎಂದು ತಿಳಿಯಿತು. ನಕ್ಕು ಮುಗಿಸಿ ಕಣ್ಣು ಒರೆಸಿಕೊಂಡು, ಅರುಣಾಳನ್ನು ಕರೆಯಲು ನೀವೇ ಬನ್ನಿ ಎಂದರು. ನನ್ನ ಎದೆಯ ಮೇಲಿನ ಭಾರ ಇಳಿಯಿತು. ಇಳಿದ ಜಾಗದಲ್ಲಿ ಅವರು ಇನ್ನೊಂದು ಭಾರ ಇಟ್ಟರು.

ಅವರ ಎರಡನೆಯ ಮಗ ಕಿರಣಕುಮಾರ. ಮದುವೆಯಾಗಿ ವರ್ಷಗಳಾದವು. ಗಂಡ ಹೆಂಡತಿ ಇಬ್ಬರೂ ಮಕ್ಕಳ ಮಾತು ಬಂದರೆ ಈಗಲೇ ಬೇಡ ಎನ್ನುತ್ತಾರೆ.

"ನಾ ಬಾಯಿ ಬಿಟ್ಟ ಹೇಳಿದ್ರ ಹಳೀ ಕಾಲದಾಕಿ ಅಂತಾರ. ಗೋಡಿ ಮ್ಯಾಲೆ ಗೂಡು ಕಂಡ್ರ ತಾವ ತಿಳ್ಕೊಂತಾರ. ನಮ್ಮ ಮನಿ ಘಾಟಿಗೆ ಕುಂಬಾರ ಹುಳಾನೂ ಬರಂಗಿಲ್ಲ ನೋಡ್ರಿ. ಅರುಣಾನ್ನ ಕರಿಯಾಕ ಬಂದಾಗ ಅಲ್ಲೊಂದ ಕಟ್ಟಿ ಹೋಗ್ರಿ. ನಾಗರತ್ನಾಗ ಗೊತ್ತಾಗೂದ ಬ್ಯಾಡ."

ಮೂಢನಂಬಿಕೆಯ ಮೇಲೆ ಭಾಷಣ ಸ್ಪರ್ಧೆ ಏರ್ಪಡಿಸಿ ಬಹುಮಾನ ಹಂಚಿದ ಮನುಷ್ಯ ನಾನು. ಆಯಿತೆಂದು ತಲೆ ಆಡಿಸಿದೆ. ನಾಗರತ್ನಾ ಚಹಾ ತಂದಾಗ ಬೀಗತಿ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ಸೊಸೆಯನ್ನು ಕಳಿಸುತ್ತೇನೆ ಎಂದು ಅವರು ಹೇಳಿದ್ದೇ ತಡ, ನಾಗರತ್ನಾ ಅವರ ಕೈ ಹಿಡಿದುಕೊಂಡು ಅತ್ತಳು. ಅದನ್ನು ನೋಡಿ ನನಗೆ, ಬ್ಯಾಡಗಿಯಲ್ಲಿ ಒಂದಲ್ಲ ಓಣಿ ತುಂಬ ಗೂಡು ಕಟ್ಟಲೂ ನಾನು ತಯಾರು ಅನ್ನಿಸಿತು.

ಹೊರಡುವ ದಿನ ಬಂತು. ನಾಗರತ್ನಾ ನನ್ನ ಚೀಲಕ್ಕೆ ಬುತ್ತಿ ಇಟ್ಟಳು, ಬೀಗರ ಮನೆಗೆಂದು ಕರ್ಚಿಕಾಯಿ ಇಟ್ಟಳು, ಕೊನೆಗೆ ಒದ್ದೆ ಅರಿವೆಯಲ್ಲಿ ಸುತ್ತಿದ ಒಂದು ಗಂಟು ಇಟ್ಟಳು. ಎತ್ತಿ ನೋಡಿದರೆ ಹೊರೆ ಭಾರ. ಬಿಚ್ಚಿದೆ. ಹದವಾಗಿ ನಾದಿದ ಎರೆಮಣ್ಣು.

"ಈ ಸಲ ನೀರ ಕಡಿಮಿ ಹಾಕ್ರಿ" ಎಂದಳು ಅವಳು, ಚೀಲದ ಬಾಯಿ ಕಟ್ಟುತ್ತ. "ನೀವ್ ಕಟ್ಟಿದ್ದು ದಿನಾ ಬಿರಕ ಬಿಡಾಕತ್ತೇತಿ. ನೀವು ವಾಕಿಂಗ್ ಹೋದಾಗ ಮೆತ್ತಿ ಮೆತ್ತಿ ನನಗ ಸಾಕಾಗೇತಿ."

ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಬ್ಯಾಡಗಿಯ ಮಾತು ಚಹಾ ಮಾಡುವಾಗ ಕಿವಿಗೆ ಬಿತ್ತು, ಗೂಡಿನದು ಹಬ್ಬದ ದಿನವೇ ಎಂದಳು. ಹಸೀನಾಬಿಯ ಅಡಿಗೆಮನೆಯ ಕಿಟಕಿಗೆ ನಮ್ಮ ನಡುಮನೆ ಎದುರು. ಕೋಲು ಬೀಸಿದ್ದರಿಂದ ಹಿಡಿದು ಕನ್ನಡಕ ತೊಳೆದುಕೊಳ್ಳುವವರೆಗೆ ಇಬ್ಬರೂ ಹೋಳಿಗೆ ತಿನ್ನುತ್ತ ನೋಡಿದ್ದರು. ಗೂಡು ಬಿದ್ದಾಗ ಹೆದರಿ ಎದ್ದೇ ಬಿಟ್ಟಿದ್ದಳಂತೆ. ನಾನು ಮಣ್ಣು ಹಿಡಿದು ಕುರ್ಚಿ ಹತ್ತಿದ್ದು ಕಂಡ ಮೇಲೆ ಯಾಕೋ ಹೆದರಿಕೆಯೇ ಹೋಯಿತಂತೆ.

"ಮತ್ತ ಮನಿಗೆ ಬಂದು ಕೈ ಯಾರಿಗೆ ಮುಗದಿ?" ಎಂದು ಕೇಳಿದೆ.

"ಕಟ್ಟಿದವರಿಗೆ" ಎಂದಳು. ಚೀಲ ನನ್ನ ಹೆಗಲಿಗೆ ಹಾಕಿ, ಬಾಗಿಲವರೆಗೆ ಬಂದು ಹೇಳಿದಳು: "ಅಲ್ಲೇ ಕುಂತು ಮಾತಿಗೆ ಹತ್ತಬ್ಯಾಡ್ರಿ, ಅರುಣಾನ್ನ ಕರ್ಕೊಂಡು ಲಗೂ ಬರ್ರಿ. ಹಸೀನಾಬಿ ಮಗಳು ಮುಸರತಳ ಲಗ್ನ ಆಗಿ ಮೂರು ವರ್ಷ ಆತು, ಆಕಿ ಮನಿಗೂ ಒಂದ ಗೂಡು ಇರ್ಲಿ ಅಂತ ಹಸೀನಾಬಿ ಹೇಳ್ಯಾಳ. ಓಣ್ಯಾಗ ಇನ್ನಾ ಮೂರ್ನಾಲ್ಕ ಮಂದಿ ಕೇಳ್ಯಾರ."

ನಾನು ಮಣ್ಣಿನ ಚೀಲ ಹೊತ್ತು ಬಸ್ ಸ್ಟ್ಯಾಂಡಿನ ಕಡೆ ನಡೆದೆ.